ಕೋಟೆ ಡೇನರದು, ಬೀಗದಕೈ ಅಕ್ವಾಮುದವರದು

ಘಾನಾ ದೇಶದ ರಾಜಧಾನಿ ಅಕ್ರಾ ನೋಡಲು ಬಂದವರನ್ನು ಸುತ್ತಾಡಿಸುವ ವ್ಯಾನುಗಳಿಗೆ ಒಂದು ಸಿದ್ಧ ದಾರಿಯಿದೆ. ಜೇಮ್ಸ್‌ಟೌನಿನ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ, ಕ್ವಾಮೆ ಎನ್‌ಕ್ರುಮಾ ಸಮಾಧಿ, ಕಪ್ಪು ನಕ್ಷತ್ರದ ಚೌಕ, ಕಡಲಂಚಿನ ಒಸು ಕೋಟೆ, ಕೊನೆಗೆ ಮಕೋಲಾ ಮಾರುಕಟ್ಟೆ. ಅರ್ಧ ದಿನದಲ್ಲಿ ಎಲ್ಲ ಮುಗಿಯುತ್ತದೆ, ಫೋಟೊಗಳೂ ಚೆನ್ನಾಗಿ ಬರುತ್ತವೆ. ಅಷ್ಟರಲ್ಲಿ ತಿಳಿಯದೆ ಹೋಗುವ ಸಂಗತಿ ಒಂದಿದೆ: ಈ ಜಾಗಗಳಲ್ಲಿ ಹೆಚ್ಚಿನವನ್ನು ಕಟ್ಟಿದ್ದು ಒಂದು ಕೆಲಸಕ್ಕೆ, ಬಳಕೆಯಾದದ್ದು ಇನ್ನೊಂದಕ್ಕೆ, ಈಗ ಇರುವುದು ಮತ್ತೊಂದಕ್ಕೆ. ಗುಲಾಮರ ಕೋಟೆ ಜೈಲಾಯಿತು, ಪೋಲೊ ಮೈದಾನ ಸಮಾಧಿಯಾಯಿತು, ಮಾರುಕಟ್ಟೆ ವಾಹನ ನಿಲ್ದಾಣವಾಯಿತು. ಆ ಕೈಬದಲಿನ ಕತೆಯೇ ಅಕ್ರಾದ ಚರಿತ್ರೆ.

ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಯುರೋಪಿಯನ್ನರು ಕಟ್ಟಿದ ಕೋಟೆಗಳಿಗೆ ಕೊರತೆಯಿಲ್ಲ. ಆದರೆ ನಾಲ್ಕೈದು ಕಿಲೋಮೀಟರ್ ಒಳಗೆ ಮೂರು ದೇಶಗಳ ಮೂರು ಕೋಟೆಗಳು ನಿಂತದ್ದು ಅಪರೂಪ. ಡಚ್ಚರು 1640ರ ದಶಕದಲ್ಲಿ ಕ್ರೆವ್‌ಕರ್ ಕಟ್ಟಿದರು. ಅದೇ ಮುಂದೆ ಅಶರ್ ಕೋಟೆ ಆಯಿತು. ಡೇನರು 1661ರಲ್ಲಿ ಒಸುವಿನಲ್ಲಿ ನೆಲ ಪಡೆದು ತಮ್ಮ ಹಿಂದಿನ ರಾಜನ ಹೆಸರಿನಲ್ಲಿ ಕ್ರಿಶ್ಚಿಯನ್ಸ್‌ಬೋರ್ಗ್ ಎಬ್ಬಿಸಿದರು. ಅದೇ ಇಂದಿನ ಒಸು ಕೋಟೆ. ಇಂಗ್ಲಿಷರ ಜೇಮ್ಸ್ ಕೋಟೆ 1673ರದ್ದು. ನೆಲ ಗಾ ಜನರದ್ದು. ಅವರ ರಾಜಧಾನಿ ಅಯವಾಸೊ ಆಗ ಒಳನಾಡಿನಲ್ಲಿತ್ತು. ಕಡಲ ತೀರ ಅವರಿಗೆ ವ್ಯಾಪಾರದ ಬಾಗಿಲು ಮಾತ್ರ. ಒಬ್ಬನೇ ಗಿರಾಕಿಗೆ ಆ ಬಾಗಿಲನ್ನು ಒಪ್ಪಿಸಿಬಿಡದೆ ಮೂವರಿಗೂ ಜಾಗ ಕೊಟ್ಟು, ಮೂವರನ್ನೂ ಪೈಪೋಟಿಗೆ ಬಿಟ್ಟರು. ಕೋಟೆಗಳ ಬೆನ್ನಿಗೆ ಒಂದೊಂದು ಕೇರಿ ಬೆಳೆಯಿತು: ಡಚ್ಚರ ಕಡೆಗೆ ಕಿಂಕಾ, ಇಂಗ್ಲಿಷರ ಕಡೆಗೆ ನ್ಲೆಶಿ, ಡೇನರ ಕಡೆಗೆ ಒಸು. ಹೆಸರು, ಹಬ್ಬ, ಮುಖಂಡರ ವಂಶ ಸಮೇತ ಆ ಕೇರಿಗಳು ಇಂದಿಗೂ ಇವೆ.

ಹಡಗುಗಳು ತಂದಿಳಿಸುತ್ತಿದ್ದ ಸರಕಿನಲ್ಲಿ ಬಂದೂಕು, ಮದ್ದು, ಹೆಂಡದ ಜೊತೆ ನಮ್ಮ ಕಡೆಯ ಬಟ್ಟೆಯೂ ಇತ್ತು. ಗುಜರಾತಿನ ಮತ್ತು ಕೋರಮಂಡಲ ತೀರದ ಹತ್ತಿ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಒಳ್ಳೆಯ ಬೇಡಿಕೆ; ಮಾಲ್ಡೀವ್ಸ್‌ನ ಕವಡೆಯಂತೂ ಆ ಕರಾವಳಿಯ ಎಷ್ಟೋ ಕಡೆ ಹಣವಾಗಿಯೇ ನಡೆಯುತ್ತಿತ್ತು. ಬದಲಿಗೆ ಮೊದಮೊದಲು ಹಡಗು ಹತ್ತಿದ್ದು ಚಿನ್ನ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಚಿನ್ನಕ್ಕಿಂತ ಮನುಷ್ಯರೇ ಹೆಚ್ಚಾಗಿ ಹತ್ತತೊಡಗಿದರು. ಡೇನಿಷ್ ಹಡಗುಗಳು ಅಟ್ಲಾಂಟಿಕ್ ದಾಟಿಸಿದ ಆಫ್ರಿಕನ್ನರ ಸಂಖ್ಯೆಯೇ ಸುಮಾರು ಒಂದು ಲಕ್ಷ. ಗುಲಾಮರ ಸಾಗಾಟವನ್ನು ನಿಲ್ಲಿಸುವ ಆಜ್ಞೆಯನ್ನು 1792ರಲ್ಲೇ ಹೊರಡಿಸಿದೆವೆಂದು ಡೆನ್ಮಾರ್ಕ್ ಹೇಳಿಕೊಳ್ಳುತ್ತದೆ. ನಿಜ. ಆದರೆ ಆಜ್ಞೆ ಜಾರಿಗೆ ಬಂದದ್ದು 1803ರಲ್ಲಿ. ನಡುವಿನ ಹತ್ತು ವರ್ಷ ವ್ಯಾಪಾರ ಭರದಿಂದಲೇ ಸಾಗಿತು.

ಇದೇ ಒಸು ಕೋಟೆಯಲ್ಲಿ 1693ರಲ್ಲಿ ನಡೆದದ್ದನ್ನು ಅಕ್ರಾದ ಮಾರ್ಗದರ್ಶಕರು ಇಂದಿಗೂ ರಸವತ್ತಾಗಿ ಹೇಳುತ್ತಾರೆ. ಅಷ್ಟರಲ್ಲಾಗಲೇ ಒಳನಾಡಿನ ಅಕ್ವಾಮು ರಾಜ್ಯ ಗಾ ಜನರನ್ನು ಸೋಲಿಸಿ ಅಯವಾಸೊವನ್ನು ಹಾಳುಗೆಡವಿತ್ತು. ಅಕ್ವಾಮುದ ಅಸಮೆನಿ ಎಂಬಾತ ಡೇನರ ಬಳಿ ಅಡುಗೆಯವನಾಗಿ ಕೆಲಸ ಮಾಡಿದ್ದನಂತೆ. ಕೋಟೆಯ ಒಳಹೊರಗು, ಯಾವ ಹೊತ್ತಿಗೆ ಯಾರು ಎಲ್ಲಿರುತ್ತಾರೆ ಎಂಬುದೆಲ್ಲ ಅವನಿಗೆ ಅಂಗೈ ಮೇಲಿನ ಗೆರೆ. ಒಂದು ದಿನ ಸುಮಾರು 80 ಮಂದಿಯನ್ನು ಕಟ್ಟಿಕೊಂಡು ಬಂದ. ಬಂದೂಕು ಕೊಳ್ಳಲು ಬಂದ ದೊಡ್ಡ ಗಿರಾಕಿಗಳು ಎಂದು ಪರಿಚಯಿಸಿದ. ಡೇನರು ಖುಷಿಯಿಂದ ಮಾಲು ಹೊರಗೆ ತೆಗೆದು ಹರಡಿದರು. ಗಿರಾಕಿಗಳು ಒಂದೊಂದನ್ನೂ ಎತ್ತಿ, ತೂಗಿ, ಕುದುರೆ ಎಳೆದು ಪರೀಕ್ಷಿಸುವಂತೆ ನಟಿಸುತ್ತ ಮದ್ದು ತುಂಬಿದರು. ಆಮೇಲೆ ಗುರಿ ಹಿಡಿದದ್ದು ಮಾರಲು ಕೂತವರ ಮೇಲೆಯೇ. ಗವರ್ನರ್ ಗಾಯಗೊಂಡು ಪಕ್ಕದ ಡಚ್ ಕೋಟೆಗೆ ಓಡಿ ಜೀವ ಉಳಿಸಿಕೊಂಡ.

ಸುಮಾರು ಒಂದು ವರ್ಷ ಅಸಮೆನಿ ಕೋಟೆಯ ಒಡೆಯ. ಬರೀ ಕಾವಲು ಕೂರಲಿಲ್ಲ. ಗವರ್ನರನ ಉಡುಪು ತೊಟ್ಟ, ತನ್ನದೇ ಬಾವುಟ ಹಾರಿಸಿದ. ಬಿಳಿಯ ನೆಲದ ಮೇಲೆ ಖಡ್ಗ ಬೀಸುತ್ತಿರುವ ಕಪ್ಪು ಮನುಷ್ಯ, ಅದು ಆ ಬಾವುಟದ ಚಿತ್ರ. ಬಂದ ಹಡಗುಗಳಿಗೆ ತೋಪು ಹಾರಿಸಿ ಸ್ವಾಗತ ಕೋರಿದ, ಎಲ್ಲ ದೇಶದವರ ಜೊತೆಗೂ ವ್ಯಾಪಾರ ಮಾಡಿದ. ಡಚ್ಚರು ಇಂಗ್ಲಿಷರು ಮರುಮಾತಾಡದೆ ಅವನ ಮೇಜಿಗೆ ಊಟಕ್ಕೆ ಬಂದರು, ಯಾಕೆಂದರೆ ದರ ಚೆನ್ನಾಗಿತ್ತು. ಕೊನೆಗೆ ಡೇನರು 50 ಮಾರ್ಕ್ ಚಿನ್ನ ತೆತ್ತು ತಮ್ಮ ಕೋಟೆಯನ್ನು ತಾವೇ ಕೊಂಡುಕೊಳ್ಳಬೇಕಾಯಿತು. ಇಂದಿನ ಲೆಕ್ಕದಲ್ಲಿ ಅದು 12 ಕಿಲೋ ಆಸುಪಾಸು. ಕೋಟೆ ಕೊಟ್ಟ ಅಸಮೆನಿ ಬೀಗದಕೈ ಗೊಂಚಲು ಮಾತ್ರ ಕೊಡಲಿಲ್ಲ. ಮುನ್ನೂರು ವರ್ಷ ದಾಟಿದರೂ ಅದು ಅಕ್ವಾಮು ರಾಜಮನೆತನದ ಆಸ್ತಿ. ಅವರು ಅದನ್ನು ಜತನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಮುಂದಿನ ಕೈಬದಲಿನಲ್ಲಿ ಇಷ್ಟು ಗಮ್ಮತ್ತಿಲ್ಲ. ಗುಲಾಮರ ವ್ಯಾಪಾರ ನಿಂತ ಮೇಲೆ ಡೇನರಿಗೆ ಕೋಟೆ ಹೊರೆಯಾಯಿತು. 1850ರಲ್ಲಿ 10,000 ಪೌಂಡಿಗೆ ಬ್ರಿಟಿಷರಿಗೆ ಮಾರಿ ಎದ್ದರು. 1862ರ ಭೂಕಂಪ ಮೂರೂ ಕೋಟೆಗಳನ್ನು ಅಲುಗಾಡಿಸಿತು. ಡಚ್ಚರೂ ಆ ದಶಕದಲ್ಲೇ ಅಕ್ರಾದಿಂದ ಕೈತೊಳೆದುಕೊಂಡರು. 1877ರಲ್ಲಿ ಬ್ರಿಟಿಷರು ಗೋಲ್ಡ್ ಕೋಸ್ಟಿನ, ಅಂದರೆ ಅಂದಿನ ಘಾನಾದ, ರಾಜಧಾನಿಯನ್ನು ಕೇಪ್ ಕೋಸ್ಟಿನಿಂದ ಅಕ್ರಾಕ್ಕೆ ತಂದರು. ಇಲ್ಲಿ ಮಳೆ ಕಡಿಮೆ, ಕಾಡಿಲ್ಲದ ಬಯಲು. ಜ್ವರದಿಂದ ಸಾಯುವ ಅಧಿಕಾರಿಗಳ ಸಂಖ್ಯೆ ಇಳಿದೀತು ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ಗವರ್ನರನ ಬಿಡಾರ ಒಸು ಕೋಟೆಗೆ ಬಂತು.

ಇನ್ನು ಆ ಕೋಟೆಯನ್ನು ಬಂದೂಕಿನ ಬದಲು ಕಾಗದ ಹಿಡಿದು ಸಮೀಪಿಸಿದವರ ಕತೆ. ಎರಡನೇ ಮಹಾಯುದ್ಧದಲ್ಲಿ ಗೋಲ್ಡ್ ಕೋಸ್ಟಿನ ಸಾವಿರಾರು ಯುವಕರು ಬ್ರಿಟಿಷ್ ಸೇನೆ ಸೇರಿ, ಭಾರತದ ಮೂಲಕ ಬರ್ಮಾಕ್ಕೆ ಹೋಗಿ ಜಪಾನೀಯರ ವಿರುದ್ಧ ಕಾದಾಡಿದ್ದರು. ಅರಕಾನಿನ ಕಾಡು-ಕಣಿವೆಗಳಲ್ಲಿ ಹೋರಾಡಿದ 81 ಮತ್ತು 82ನೇ ಪಶ್ಚಿಮ ಆಫ್ರಿಕಾ ಡಿವಿಷನ್‌ಗಳಲ್ಲಿ ಅವರಿದ್ದರು. ಅದೇ ಅರಕಾನ್ ರಂಗದಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಒಂದನ್ನು ಮುನ್ನಡೆಸಿದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಯುದ್ಧ ಮುಗಿದ ಮೇಲೆ ಭಾರತಕ್ಕೆ ಸ್ವಾತಂತ್ರ್ಯ ಬಂತು. ಗೋಲ್ಡ್ ಕೋಸ್ಟಿನ ಸಿಪಾಯಿಗೆ ಹೇಳಿದ್ದ ಪಿಂಚಣಿಯೂ ಬರಲಿಲ್ಲ, ಕೆಲಸವೂ ಸಿಗಲಿಲ್ಲ. ಅಂಗಡಿಗಳಲ್ಲಿ ವಿದೇಶಿ ಕಂಪನಿಗಳ ಸಾಮಾನಿಗೆ ಬೆಂಕಿಯಂಥ ಬೆಲೆ. 1948ರ ಜನವರಿಯಿಂದ ಗಾ ಮುಖಂಡ ನೀ ಕ್ವಾಬೆನಾ ಬೊನ್ನೆ ಆಮದು ಮಾಲಿನ ಬಹಿಷ್ಕಾರ ನಡೆಸಿದ. ಬೆಲೆ ಇಳಿಸುತ್ತೇವೆಂದು ಕಂಪನಿಗಳು ಒಪ್ಪಿದ ಮೇಲೆ ಫೆಬ್ರವರಿ 28ಕ್ಕೆ ಬಹಿಷ್ಕಾರ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಅದೇ ಶನಿವಾರ ಮಾಜಿ ಸೈನಿಕರೂ ಮೆರವಣಿಗೆ ಹೊರಟರು. ನಿರಾಯುಧರು, ಕೈಯಲ್ಲಿದ್ದದ್ದು ಗವರ್ನರ್ ಜೆರಾಲ್ಡ್ ಕ್ರೀಸಿಗೆ ಕೊಡಬೇಕಾದ ಮನವಿಪತ್ರ. ಪೊಲೀಸರು ಗೊತ್ತುಮಾಡಿದ್ದ ದಾರಿ ಬಿಟ್ಟು ಅವರು ಕೋಟೆಯ ಕಡೆಗೆ ತಿರುಗಿದಾಗ, ನಾಲ್ಕು ದಾರಿ ಕೂಡುವಲ್ಲಿ ಪೊಲೀಸ್ ಅಧಿಕಾರಿ ಕಾಲಿನ್ ಇಮ್ರೇ ತಡೆದ. ಜನ ನಿಲ್ಲಲಿಲ್ಲ. ಗುಂಡು ಹಾರಿಸುವ ಆಜ್ಞೆ ಕೊಟ್ಟದ್ದಲ್ಲದೆ ಅವನೇ ಬಂದೂಕು ಕಿತ್ತುಕೊಂಡು ಹಾರಿಸಿದ. ಸಾರ್ಜೆಂಟ್ ಅಜೆಟೆ, ಕಾರ್ಪೊರಲ್ ಅಟಿಪೋ, ಸಿಪಾಯಿ ಒಡಾರ್ಟೆ ಲ್ಯಾಂಪ್ಟೆ ಅಲ್ಲೇ ಬಿದ್ದರು. ಬರ್ಮಾದಲ್ಲಿ ಜಪಾನೀಯರ ಗುಂಡು ತಪ್ಪಿಸಿಕೊಂಡು ಬಂದವರನ್ನು ಕೊಂದದ್ದು ಅವರು ಯಾರ ಪರವಾಗಿ ಕಾದಾಡಿದರೋ ಅದೇ ಸರ್ಕಾರ. ಇತ್ತ ಪೇಟೆಯಲ್ಲಿ, ಹೇಳಿದಷ್ಟು ಬೆಲೆ ಇಳಿದಿಲ್ಲವೆಂದು ಜನ ರೊಚ್ಚಿಗೆದ್ದಿದ್ದ ಹೊತ್ತಿಗೇ ಸುದ್ದಿ ಮುಟ್ಟಿತು. ಕಂಪನಿಗಳ ಮಳಿಗೆಗಳು ಹೊತ್ತಿ ಉರಿದವು. ಗಲಭೆ ತಣ್ಣಗಾಗುವ ಹೊತ್ತಿಗೆ ಸತ್ತವರು 29. ಎನ್‌ಕ್ರುಮಾ, ಜೆ.ಬಿ. ಡಂಕ್ವಾ ಸೇರಿ ಸ್ವಾತಂತ್ರ್ಯ ಚಳವಳಿಯ ಆರು ಮಂದಿ ನಾಯಕರನ್ನು ಬಂಧಿಸಿದರು. ಆ ಆರು ಮುಖಗಳೇ ಇಂದು ಘಾನಾದ ಸೆಡಿ ನೋಟಿನ ಮೇಲಿವೆ. 50 ಸೆಡಿ ನೋಟಿನ ಹಿಂಬದಿಯಲ್ಲಿ ಒಸು ಕೋಟೆಯ ಚಿತ್ರವಿದೆ. ಗುಂಡೇಟಿನ ಜಾಗದಲ್ಲಿ ಹಾದುಹೋಗುವ ರಸ್ತೆಗೆ ಫೆಬ್ರವರಿ 28ರ ಹೆಸರು.

ಎರಡು ವರ್ಷದ ಬಳಿಕ ಎನ್‌ಕ್ರುಮಾ ಮತ್ತೆ ಸೆರೆಯಾದರು. ಈ ಸಲ ಇಟ್ಟದ್ದು ಜೇಮ್ಸ್ ಕೋಟೆಯಲ್ಲಿ. ಅದು ಆಗ ಸರ್ಕಾರಿ ಜೈಲು. ಶೌಚದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಪಕ್ಷಕ್ಕೆ ಸೂಚನೆ ಕಳಿಸುತ್ತಿದ್ದರು. 1951ರ ಫೆಬ್ರವರಿಯ ಚುನಾವಣೆಗೆ ಒಳಗಿನಿಂದಲೇ ನಿಂತು ಅಕ್ರಾ ಕೇಂದ್ರ ಕ್ಷೇತ್ರದ 23,122 ಮತಗಳಲ್ಲಿ 22,780 ಗಿಟ್ಟಿಸಿದರು. 12ರಂದು ಬಿಡುಗಡೆ. ಮರುದಿನವೇ ಗವರ್ನರ್ ಆರ್ಡನ್-ಕ್ಲಾರ್ಕ್ ಒಸು ಕೋಟೆಗೆ ಕರೆಸಿ ಸರ್ಕಾರ ರಚಿಸಲು ಹೇಳಿದ. ಒಂದು ಕೋಟೆಯ ಸೆರೆಯಿಂದ ಇನ್ನೊಂದು ಕೋಟೆಯ ದಿವಾನಖಾನೆಗೆ ಕಡಲ ದಂಡೆಯ ಉದ್ದಕ್ಕೂ ನಡೆದೇ ಹೋಗಬಹುದು.

1957ರ ಮಾರ್ಚ್ 6ರ ನಡುರಾತ್ರಿ ಆ ಎರಡೂ ಕೋಟೆಗಳ ನಡುವಿನ ಪೋಲೊ ಮೈದಾನದಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಬಿಳಿಯ ಸಾಹೇಬರು ಕುದುರೆ ಏರಿ ಆಟವಾಡುತ್ತಿದ್ದ ಮೈದಾನವನ್ನೇ ಆರಿಸಿದ್ದರಲ್ಲಿ ಎನ್‌ಕ್ರುಮಾ ಅವರ ಕಸುಬು ಕಾಣುತ್ತದೆ. ಜಾಗಕ್ಕಿರುವ ಮಾತಿನ ಬಲ ಅವರಿಗೆ ಗೊತ್ತಿತ್ತು. ಸೂಟು ಬೂಟು ಬಿಟ್ಟು ಉತ್ತರ ಘಾನಾದ ನೇಯ್ಗೆಯ ಫುಗು ಅಂಗಿ ತೊಟ್ಟು, ತಲೆಗೆ ಬಿಳಿ ಟೊಪ್ಪಿ ಹಾಕಿ ಬಂದರು. ಟೊಪ್ಪಿಯ ಮೇಲೆ ‘ಪಿ.ಜಿ.’ ಎಂದು ಕಸೂತಿ. ಬೆಂಗಳೂರಿನವರು ಬೇರೇನೋ ಅಂದುಕೊಂಡಾರು. ಅದು ‘ಪ್ರಿಸನ್ ಗ್ರಾಜುಯೇಟ್’, ಅಂದರೆ ಜೈಲಿನ ಪದವೀಧರ. ಸಭಿಕರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದ್ದರು.

ಗೆದ್ದ ನಾಯಕ ಕಟ್ಟಿಸುವ ಸ್ಮಾರಕಗಳಿಗೆ ಗೆಲುವಿನ ಹಿಂದಿನ ಜಾಗಗಳಷ್ಟು ಕಳೆ ಇರುವುದಿಲ್ಲ. ಕಪ್ಪು ನಕ್ಷತ್ರದ ಚೌಕವೂ ಅಷ್ಟೆ. 30,000 ಜನ ಕೂರುವ ಗ್ಯಾಲರಿಗಳು, ಕಮಾನು, ತುದಿಯಲ್ಲಿ ಕರಿಯರ ನಾಯಕ ಮಾರ್ಕಸ್ ಗಾರ್ವೆಯ ಹಡಗು ಕಂಪನಿಯಿಂದ ಎರವಲು ಪಡೆದ ಕಪ್ಪು ನಕ್ಷತ್ರ, ಎಲ್ಲವೂ ಅಚ್ಚುಕಟ್ಟು. 1961ರ ನವೆಂಬರಿನಲ್ಲಿ ಎಲಿಜಬೆತ್ ರಾಣಿ ಬರುವ ಹೊತ್ತಿಗೆ ಮುಗಿಸಿದರು. ಪಥಸಂಚಲನದಂಥ ದೊಡ್ಡ ಸಮಾರಂಭ ಬಿಟ್ಟರೆ ವರ್ಷದ ಬಹುಪಾಲು ಅಲ್ಲಿರುವುದು ಬಿಸಿಲು.

ಎನ್‌ಕ್ರುಮಾ ಅವರ ಪ್ರತಿಮೆಯ ಕತೆ ಬೇರೆ. ಅಧಿಕಾರಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಅವರು ಏಕಪಕ್ಷದ ಆಳ್ವಿಕೆ ತಂದು, ವಿರೋಧಿಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದ್ದರು. 1948ರಲ್ಲಿ ಬಂಧಿತರಾದ ಆರು ಮಂದಿಯಲ್ಲೊಬ್ಬರಾದ ಡಂಕ್ವಾ 1965ರಲ್ಲಿ ಸತ್ತದ್ದು ಹಾಗೆ ಸೆರೆಯಲ್ಲಿದ್ದಾಗಲೇ. 1966ರ ಫೆಬ್ರವರಿ 24ರಂದು ಎನ್‌ಕ್ರುಮಾ ಏಷ್ಯಾ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ಕಸಿಯಿತು. ಜನ ಪ್ರತಿಮೆ ಉರುಳಿಸಿ ತಲೆ ಕಿತ್ತರು. ಅವರು 1972ರಲ್ಲಿ ಬುಕಾರೆಸ್ಟಿನಲ್ಲಿ ತೀರಿಕೊಂಡರು. ಮೊದಲು ಗಿನಿಯ ಕೊನಾಕ್ರಿಯಲ್ಲಿ ಮಣ್ಣು, ಆಮೇಲೆ ಹುಟ್ಟೂರು ಎನ್‌ಕ್ರೊಫುಲಿನಲ್ಲಿ, ಕೊನೆಗೆ 1992ರ ಜುಲೈ 1ರಂದು ಅಕ್ರಾದ ಅದೇ ಪೋಲೊ ಮೈದಾನದಲ್ಲಿ. ವಾಸ್ತುಶಿಲ್ಪಿ ಡಾನ್ ಆರ್ಥರ್ ವಿನ್ಯಾಸದ ಅಮೃತಶಿಲೆಯ ಕಟ್ಟಡ, ತಲೆಕೆಳಗಾಗಿ ಊರಿದ ಖಡ್ಗಗಳ ಆಕಾರ: ಯುದ್ಧ ಮುಗಿದಿದೆ ಎಂಬ ಅರ್ಥ. ಅಲ್ಲಿ ನಿಜವಾಗಿ ನಿಂತು ನೋಡಬೇಕಾದ್ದು ಹಿಂಬದಿಯಲ್ಲಿದೆ. ಹಳೆಯ ಪ್ರತಿಮೆಯನ್ನು ತಲೆಯಿಲ್ಲದೆ, ಕೈ ಮುರಿದ ಹಾಗೆಯೇ ನಿಲ್ಲಿಸಿದ್ದಾರೆ. ಅದರ ಪಕ್ಕದಲ್ಲೊಂದು ಪೀಠ, ಪೀಠದ ಮೇಲೆ ಕಂಚಿನ ತಲೆ. ಗಲಭೆಯ ದಿನ ಯಾರೋ ಎತ್ತಿ ಜೋಪಾನ ಮಾಡಿದ್ದ ತಲೆಯನ್ನು 2009ರಲ್ಲಿ ಮರಳಿಸಿದ್ದರು. ಬೆಸುಗೆ ಹಾಕಿ ಕೂಡಿಸಬಹುದಿತ್ತು, ಕೂಡಿಸಲಿಲ್ಲ. ತಮ್ಮ ರಾಷ್ಟ್ರಪಿತನನ್ನು ತಾವೇ ಉರುಳಿಸಿದ್ದನ್ನು ಒಂದು ದೇಶ ಹೀಗೆ ಟಿಕೆಟ್ ಇಟ್ಟು ತೋರಿಸುವುದು ಸಣ್ಣ ಮಾತಲ್ಲ.

ಇಷ್ಟೆಲ್ಲ ಆಗಿಯೂ ಆಳುವವರು ಒಸು ಕೋಟೆ ಬಿಡಲಿಲ್ಲ. ಎನ್‌ಕ್ರುಮಾ, ದಂಗೆಯೆದ್ದ ಸೇನಾಧಿಕಾರಿಗಳು, ಜೆರ್ರಿ ರಾಲಿಂಗ್ಸ್, ಆಮೇಲೆ ಚುನಾಯಿತ ಅಧ್ಯಕ್ಷರು, ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಕೆಳಗೆ ಗುಲಾಮರ ನೆಲಮಾಳಿಗೆ ಇರುವ ಕಟ್ಟಡದ ಮೇಲಂತಸ್ತಿನಿಂದಲೇ ದೇಶ ನಡೆಸಿದರು. ಇತ್ತೀಚೆಗೆ ಅಲ್ಲಿ ಅಗೆತ ನಡೆಸಿದ ಪುರಾತತ್ವಜ್ಞೆ ರೇಚಲ್ ಎಂಗ್ಮನ್, ಹದಿನೆಂಟನೆಯ ಶತಮಾನದ ಡೇನಿಷ್ ಗವರ್ನರ್ ಒಬ್ಬನ ವಂಶದವರು. ಒಸುವಿನ ಎಷ್ಟೋ ಮನೆತನಗಳಿಗೆ ಡೇನಿಷ್ ಅಡ್ಡಹೆಸರಿದೆ. ಅಂದರೆ ಮಾರಿದವನ ರಕ್ತವೂ ಆ ನೆಲದವರ ರಕ್ತವೂ ಅಲ್ಲಿ ಬೇರೆಬೇರೆಯಾಗಿ ಉಳಿದಿಲ್ಲ.

ಪರರು ಕಟ್ಟಿದ್ದನ್ನೆಲ್ಲ ಹೀಗೆ ಉಳಿಸಿಕೊಂಡ ಊರಿನಲ್ಲಿ ಸ್ಫೋಟಕ ಇಟ್ಟು ಉಡಾಯಿಸಿದ್ದು ಯಾವುದನ್ನು? ಹೆಂಗಸರು ಕೂತು ವ್ಯಾಪಾರ ಮಾಡುತ್ತಿದ್ದ ಮಕೋಲಾ ಮಾರುಕಟ್ಟೆಯನ್ನು. 1924ರಲ್ಲಿ ಕಟ್ಟಿದ ಮಕೋಲಾದಲ್ಲಿ ಬಟ್ಟೆಯಿಂದ ಒಣಮೀನಿನವರೆಗೆ ಎಲ್ಲ ವಹಿವಾಟೂ ಹೆಂಗಸರ ಕೈಯಲ್ಲಿತ್ತು. ಒಂದೊಂದು ಸರಕಿಗೆ ಒಬ್ಬೊಬ್ಬಳು ಮುಖ್ಯಸ್ಥೆ. ಜಗಳ ತೀರಿಸುವವಳೂ ಅವಳೇ, ಸಾಲ ಕೊಡಿಸುವವಳೂ ಅವಳೇ. 1970ರ ದಶಕದ ಕೊನೆಗೆ ದೇಶದ ಹಣಕಾಸು ಹದಗೆಟ್ಟು ಸಾಮಾನು ಸಿಗದಾಯಿತು, ಬೆಲೆ ಗಗನಕ್ಕೇರಿತು. ಸೇನಾಡಳಿತಗಳ ಲೂಟಿ, ಲಂಗುಲಗಾಮಿಲ್ಲದೆ ಅಚ್ಚಾದ ನೋಟು, ಕುಸಿದ ಕೋಕೋ ಬೆಳೆ, ಕಾರಣ ಹಲವು. 1979ರ ಜೂನ್ 4ರಂದು ಅಧಿಕಾರ ಹಿಡಿದ ರಾಲಿಂಗ್ಸ್ ಅವರ ಸೈನಿಕರ ಕಣ್ಣಿಗೆ ಬಿದ್ದದ್ದು ಮಾತ್ರ ಮಾರುಕಟ್ಟೆಯ ಹೆಂಗಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದಾಸ್ತಾನು ಮಾಡಿದ್ದೀರೆಂದು ಅವರನ್ನು ಬೀದಿಯಲ್ಲಿ ಥಳಿಸಿದರು. ಆಗಸ್ಟ್ 18ರಂದು ಮಾಲನ್ನೆಲ್ಲ ಬಾಚಿಕೊಂಡು ಮಾರುಕಟ್ಟೆಯನ್ನೇ ನೆಲಸಮ ಮಾಡಿದರು. ಅದೇ 1979ರಲ್ಲಿ ಘಾನಾದ ಕೋಟೆಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಬೆಲೆ ಇಳಿಯಲಿಲ್ಲ. ಖಾಲಿಯಾದ ಜಾಗ ವಾಹನ ನಿಲ್ಲಿಸುವ ರಾಲಿಂಗ್ಸ್ ಪಾರ್ಕ್ ಆಯಿತು. ಹೆಂಗಸರು ಪಕ್ಕದ ಬೀದಿಗಳಲ್ಲಿ ಮತ್ತೆ ಗಂಟು ಬಿಚ್ಚಿದರು. ಈಗ ಪ್ರವಾಸಿಗರು ನೋಡುವ ಮಕೋಲಾ ಅದು.

ವ್ಯಾನಿನ ದಾರಿಯಾಚೆಗೂ ನೋಡುವುದಿದೆ. ಕಂಟೋನ್‌ಮೆಂಟ್ಸ್ ಬಡಾವಣೆಯಲ್ಲಿ ಅಮೆರಿಕದ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ಕೊನೆಯ ದಿನ ಕಳೆದ ಮನೆಯಿದೆ. ಆಫ್ರಿಕಾದ ವಿಶ್ವಕೋಶ ಸಿದ್ಧಪಡಿಸಲು ಎನ್‌ಕ್ರುಮಾ ಕರೆದದ್ದಕ್ಕೆ 1961ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಂದವರು ಘಾನಾದ ಪೌರರಾಗಿಯೇ 1963ರ ಆಗಸ್ಟ್ 27ರಂದು ತೀರಿಕೊಂಡರು. ಮರುದಿನವೇ ವಾಷಿಂಗ್ಟನ್ನಿನಲ್ಲಿ ಕಿಂಗ್ ಭಾಷಣ ಮಾಡಿದ ಪ್ರಸಿದ್ಧ ಮೆರವಣಿಗೆ.

ಭಾರತದ ಗುರುತುಗಳೂ ಊರಿನಲ್ಲಿವೆ. ಅಧ್ಯಕ್ಷರ ಕಚೇರಿ ಕೊನೆಗೂ 2013ರಲ್ಲಿ ಒಸು ಕೋಟೆ ಬಿಟ್ಟು ಹೋದದ್ದು ಅಕಾನರ ರಾಜಪೀಠದ ಆಕಾರದ ಹೊಸ ಕಟ್ಟಡಕ್ಕೆ. 2008ರಲ್ಲಿ ಅದನ್ನು ಕಟ್ಟಿ ಮುಗಿಸಿದ್ದು ಮುಂಬೈಯ ಶಾಪೂರ್ಜಿ ಪಲ್ಲೋಂಜಿ, ಭಾರತ ಸರ್ಕಾರದ ಸಾಲದ ನೆರವಿನಿಂದ. ಆಳುವ ಪಕ್ಷ ಬದಲಾದಾಗ ಅದರ ಹೆಸರೂ ಬದಲಾದದ್ದಿದೆ. ಸದ್ಯಕ್ಕೆ ಜುಬಿಲಿ ಹೌಸ್. ಒಡೊರ್ಕೊರ್ ಬಡಾವಣೆಯಲ್ಲಿ, ಘಾನಾದಲ್ಲೇ ಹುಟ್ಟಿ ಋಷಿಕೇಶದಲ್ಲಿ ಕಲಿತ ಸ್ವಾಮಿ ಘನಾನಂದರು ಕಟ್ಟಿದ ಹಿಂದೂ ಮಠವಿದೆ; ಅಲ್ಲಿನ ಭಕ್ತರಲ್ಲಿ ಹೆಚ್ಚಿನವರು ಆಫ್ರಿಕನ್ನರೇ. ಗಾಂಧಿ ಪ್ರತಿಮೆ ಮಾತ್ರ ನಿಲ್ಲಿಸಿದ ಜಾಗದಲ್ಲಿ ಉಳಿಯಲಿಲ್ಲ. 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಅನಾವರಣ ಮಾಡಿದ ಪ್ರತಿಮೆಯನ್ನು, ದಕ್ಷಿಣ ಆಫ್ರಿಕಾದ ದಿನಗಳಲ್ಲಿ ಗಾಂಧಿ ಕರಿಯರ ಬಗ್ಗೆ ಬರೆದ ಮಾತುಗಳನ್ನು ಎತ್ತಿ ಹಿಡಿದು ಪ್ರಾಧ್ಯಾಪಕರು ವಿರೋಧಿಸಿದರು. 2018ರ ಡಿಸೆಂಬರಿನಲ್ಲಿ ತೆಗೆದರು. ಇದನ್ನು ಕೇಳಿ ಇಲ್ಲಿ ಸಿಟ್ಟಾದವರು, ಎನ್‌ಕ್ರುಮಾ ಅವರ ತಲೆಯನ್ನೂ ಆ ಊರು ಬಿಟ್ಟಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ತೀರಾ ಹೊಸ ನೋಟವೆಂದರೆ ರಾಷ್ಟ್ರೀಯ ಚರ್ಚಿಗಾಗಿ ತೋಡಿದ ದೊಡ್ಡ ಗುಂಡಿ. ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಅವರ ವಿನ್ಯಾಸಕ್ಕಾಗಿ ನ್ಯಾಯಾಧೀಶರ ಬಂಗಲೆಗಳನ್ನು ಕೆಡವಿ, ಸುಮಾರು 5.8 ಕೋಟಿ ಡಾಲರ್ ಸುರಿದ ಮೇಲೆ ಕೆಲಸ ನಿಂತಿತು. 2025ರಲ್ಲಿ ಹೊಸ ಸರ್ಕಾರ ಅದರ ಕಚೇರಿಯನ್ನೇ ಮುಚ್ಚಿತು.

ಅಕ್ರಾಕ್ಕೆ ಹೋಗುವ ಕನ್ನಡಿಗರು ವ್ಯಾನಿನವನ ಕ್ರಮ ಬಿಟ್ಟು ಕಾಲದ ಕ್ರಮ ಹಿಡಿಯುವುದು ಒಳ್ಳೆಯದು. ಬಿಸಿಲೇರುವ ಮುಂಚೆ ಜೇಮ್ಸ್‌ಟೌನಿನಿಂದ ಹೊರಟು, ಎರಡು ಕೋಟೆಗಳನ್ನೂ ಪೋಲೊ ಮೈದಾನವನ್ನೂ ದಾಟಿ, ಫೆಬ್ರವರಿ 28ರ ರಸ್ತೆಯಲ್ಲೇ ಒಸುವಿಗೆ ಹೋಗಿ. ಮಧ್ಯಾಹ್ನವನ್ನು ಮಕೋಲಾಕ್ಕೆ ಇಟ್ಟುಕೊಳ್ಳಿ. ಅಲ್ಲಿ ಕ್ಯಾಮೆರಾ ತೆಗೆಯುವ ಮೊದಲು ಅಂಗಡಿಯಾಕೆಯನ್ನು ಕೇಳಿ, ಏನಾದರೊಂದು ಕೊಳ್ಳಿ.